ಎಲೆಕ್ಟ್ರಾನ್ ಎಣಿಸುವುದು ಹೇಗೆ? ಪರಮಾಣುವಿನಿಂದ ಅಯಾನಿನವರೆಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸ ಬ್ಯಾಚ್ ಬಂದ ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ. ಕ್ಯಾಲ್ಸಿಯಂ 2+ ಅಯಾನಿನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ? (ಅಯಾನು ಅಂದರೆ ವಿದ್ಯುತ್ ಚಾರ್ಜ್ ಇರುವ ಪರಮಾಣು ಅಥವಾ ಪರಮಾಣುಗಳ ಗುಂಪು, 2+ ಅನ್ನುವುದು ಅದರ ಚಾರ್ಜ್.) ಅರ್ಧಕ್ಕಿಂತ ಜಾಸ್ತಿ ಮಕ್ಕಳು 22 ಅಂತ ಬರೆಯುತ್ತಾರೆ. ಸರಿ ಉತ್ತರ 18. ತಪ್ಪು ಅಂದ ಕೂಡಲೇ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಪ್ಲಸ್ ಅದ ಅಂದ್ಮ್ಯಾಲ ಕೂಡಿಸ್ಬೇಕಲ್ರಿ ಮೇಡಂ, ಯಾಕ ಕಳೀಬೇಕು?"

ಇದು ಒಳ್ಳೆಯ ಪ್ರಶ್ನೆ. ಒಂದನೇ ಕ್ಲಾಸಿನಿಂದ ಪ್ಲಸ್ ಅಂದರೆ ಕೂಡಿಸು ಅಂತಲೇ ಕಲಿತ ಮಗು ಇಲ್ಲಿ ಬಂದು ಕೂಡಿಸಿದರೆ ಅದರಲ್ಲಿ ಮಗುವಿನ ತಪ್ಪೇನಿದೆ? ನಾನೂ ಪಿಯುಸಿ ಮೊದಲ ವರ್ಷ 22 ಅಂತಲೇ ಬರೆದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಸೇಡಂ ಕಡೆಯ ಹಳ್ಳಿ, ಕಾಲೇಜಿನಲ್ಲಿ ಎಲ್ಲ ಇಂಗ್ಲಿಷಿನಲ್ಲಿ. ಪಾಠ ಮಾಡಿದವರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು "ಪ್ಲಸ್ ಇದ್ದರೆ ಕಳಿ, ಮೈನಸ್ ಇದ್ದರೆ ಕೂಡಿಸು, ಬಾಯಿಪಾಠ ಮಾಡು" ಅಂದರು. ಬಾಯಿಪಾಠ ಮಾಡಿದೆ. ಪರೀಕ್ಷೆಯ ದಿನ ಯಾವುದು ಕಳಿಯೋದು, ಯಾವುದು ಕೂಡಿಸೋದು ಅಂತ ಮತ್ತೆ ಅದಲು ಬದಲಾಯಿತು. ಕಾರಣ ಗೊತ್ತಿಲ್ಲದ ನಿಯಮ ತಲೆಯಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೇ ಇಲ್ಲಿ ಪ್ರತಿ ಹಂತಕ್ಕೂ ಕಾರಣ ಹೇಳಿಕೊಂಡು ಹೋಗುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪಕ್ಕದಲ್ಲಿ ಪೆನ್ನು ಹಾಳೆ ಇಟ್ಟುಕೊಂಡು ಓದಿ.

ಇನ್ನೊಂದು ಮಾತು. ಇಲ್ಲಿ ಧಾತುಗಳ ಹೆಸರನ್ನು ಕನ್ನಡದಲ್ಲೇ ಬರೆದು ಪಕ್ಕದಲ್ಲಿ ಚಾರ್ಜ್ ಹಾಕುತ್ತೇನೆ. ನೋಟ್‌ಬುಕ್ಕಿನಲ್ಲಿ ನೀವು ಸಂಕೇತ ಬರೆದು ಅದರ ಬಲಗಡೆ ಮೇಲೆ ಸಣ್ಣದಾಗಿ ಚಾರ್ಜ್ ಹಾಕಿ.

ಹಂತ 1: ಪರಮಾಣು ಸಂಖ್ಯೆ ಹಿಡಿಯಿರಿ

ಯಾವ ಲೆಕ್ಕವೇ ಆಗಲಿ, ಶುರು ಮಾಡಬೇಕಾದ್ದು ಎಲೆಕ್ಟ್ರಾನಿನಿಂದ ಅಲ್ಲ, ಪ್ರೋಟಾನಿನಿಂದ. ಪ್ರೋಟಾನ್‌ಗಳು ಪರಮಾಣುವಿನ ನಡುವೆ, ನ್ಯೂಕ್ಲಿಯಸ್ಸಿನಲ್ಲಿ ಕೂತಿರುತ್ತವೆ. ಸಾಮಾನ್ಯ ರಾಸಾಯನಿಕ ಕ್ರಿಯೆಯಲ್ಲಿ ಅವು ಜಾಗ ಬಿಟ್ಟು ಕದಲುವುದಿಲ್ಲ. ಸುಟ್ಟರೂ, ಕುದಿಸಿದರೂ, ಆಸಿಡ್ ಹಾಕಿದರೂ ಕ್ಯಾಲ್ಸಿಯಂನಲ್ಲಿ 20 ಪ್ರೋಟಾನ್ ಇದ್ದೇ ಇರುತ್ತವೆ. 21 ಆದರೆ ಅದು ಕ್ಯಾಲ್ಸಿಯಂ ಅಲ್ಲವೇ ಅಲ್ಲ, ಸ್ಕ್ಯಾಂಡಿಯಂ. ಬರುವುದು ಹೋಗುವುದು ಏನಿದ್ದರೂ ಎಲೆಕ್ಟ್ರಾನ್ ಮಾತ್ರ. ಕದಲದೇ ಇರುವುದನ್ನು ಮೊದಲು ಹಿಡಿದುಕೊಂಡರೆ ಓಡಾಡುವುದನ್ನು ಎಣಿಸುವುದು ಸುಲಭ.

ಈ ಪ್ರೋಟಾನ್ ಲೆಕ್ಕಕ್ಕೇ ಪರಮಾಣು ಸಂಖ್ಯೆ ಅಂತ ಹೆಸರು. ಆವರ್ತ ಕೋಷ್ಟಕದಲ್ಲಿ ಪ್ರತಿ ಮನೆಯಲ್ಲೂ ಎರಡು ಅಂಕಿ ಇರುತ್ತವೆ. ಕ್ಯಾಲ್ಸಿಯಂ ಮನೆಯಲ್ಲಿ 20 ಮತ್ತು 40.08. ಕೆಲವು ಚಾರ್ಟ್‌ಗಳಲ್ಲಿ ಪರಮಾಣು ಸಂಖ್ಯೆ ಮೇಲಿದ್ದರೆ ಕೆಲವದರಲ್ಲಿ ಬೇರೆ ಕಡೆ ಇರುತ್ತದೆ, ಹಾಗಾಗಿ ಜಾಗ ನೋಡಿ ನೆನಪಿಟ್ಟುಕೊಳ್ಳಬೇಡಿ. ಎರಡರಲ್ಲಿ ಚಿಕ್ಕದು ಯಾವುದೋ ಅದೇ ಪರಮಾಣು ಸಂಖ್ಯೆ. ಅದರಲ್ಲಿ ದಶಮಾಂಶ ಚುಕ್ಕೆ ಇರುವುದೇ ಇಲ್ಲ. ಅರ್ಧ ಪ್ರೋಟಾನ್ ಅಂತ ಇರಲು ಸಾಧ್ಯ ಇಲ್ಲ, ಅಲ್ವಾ?

ಮೊದಲು ಧಾತುಗಳನ್ನು ತೂಕದ ಪ್ರಕಾರ ಸಾಲಾಗಿ ಇಡುತ್ತಿದ್ದರು. 1913ರಲ್ಲಿ ಹೆನ್ರಿ ಮೋಸ್ಲಿ ಎಂಬ ಇಂಗ್ಲೆಂಡಿನ ಯುವಕ ಎಕ್ಸ್-ರೇ ಪ್ರಯೋಗ ಮಾಡಿ, ಈ ಕ್ರಮಸಂಖ್ಯೆ ಬರೀ ಸಾಲಿನ ನಂಬರ್ ಅಲ್ಲ, ನ್ಯೂಕ್ಲಿಯಸ್ಸಿನ ಒಳಗಿನ ಚಾರ್ಜಿನ ಲೆಕ್ಕ ಅಂತ ತೋರಿಸಿದ. ಎರಡು ವರ್ಷದ ನಂತರ ಗಲಿಪೋಲಿ ಯುದ್ಧದಲ್ಲಿ ಸತ್ತಾಗ ಅವನಿಗೆ 27 ವರ್ಷ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ವಿಷಯದ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ಮಕ್ಕಳಿಗೆ ಗೊತ್ತಾಗಬೇಕು.

ಹೈಡ್ರೋಜನ್ 1ರಿಂದ ಕ್ಯಾಲ್ಸಿಯಂ 20ರವರೆಗೆ ಬಾಯಿಪಾಠ ಮಾಡಿಕೊಳ್ಳಿ. ಬಾಯಿಪಾಠ ಬೇಡ ಅನ್ನುವ ನಾನೇ ಇದನ್ನು ಮಾತ್ರ ಮಾಡಿ ಅನ್ನುತ್ತೇನೆ, ಯಾಕೆಂದರೆ ಇದು ಮಗ್ಗಿ ಇದ್ದ ಹಾಗೆ. ಜೊತೆಗೆ ಮ್ಯಾಂಗನೀಸ್ 25, ಕಬ್ಬಿಣ 26, ತಾಮ್ರ 29, ಸತು 30, ಬೆಳ್ಳಿ 47 ಸೇರಿಸಿಕೊಂಡರೆ ಪರೀಕ್ಷೆಯ ಬಹುಪಾಲು ಲೆಕ್ಕ ಕೋಷ್ಟಕ ನೋಡದೆಯೇ ಆಗುತ್ತವೆ.

ಕನ್ನಡ ಮೀಡಿಯಂ ಮಕ್ಕಳಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮ ಕಿವಿಗೆ ಕ್ಯಾಲ್ಸಿಯಂ 'ಕ' ಶಬ್ದದಿಂದ ಶುರುವಾಗುತ್ತದೆ, ಹಾಗಾಗಿ ಇಂಗ್ಲಿಷಿನ ಕೆ ಅಕ್ಷರ ಕಂಡರೆ ಕ್ಯಾಲ್ಸಿಯಂ ಅಂದುಕೊಂಡು 20 ಬರೆದುಬಿಡುತ್ತೇವೆ. ಕೆ ಅಂದರೆ ಪೊಟ್ಯಾಸಿಯಂ, 19. ಅದರ ಲ್ಯಾಟಿನ್ ಹೆಸರು ಕೇಲಿಯಂ. ಹಾಗೇ ಸೋಡಿಯಂಗೆ ನೇಟ್ರಿಯಂ, ಕಬ್ಬಿಣಕ್ಕೆ ಫೆರಂ, ತಾಮ್ರಕ್ಕೆ ಕ್ಯೂಪ್ರಂ, ಬೆಳ್ಳಿಗೆ ಅರ್ಜೆಂಟಂ. ಈ ಐದು ಹೆಸರು ಗೊತ್ತಿದ್ದರೆ ಸಂಕೇತದ ಗೊಂದಲ ಮುಕ್ಕಾಲು ಕಡಿಮೆ ಆಗುತ್ತದೆ.

ಕೆಲವು ಪ್ರಶ್ನೆಗಳಲ್ಲಿ ಧಾತುವಿನ ಹೆಸರನ್ನೇ ಕೊಟ್ಟಿರುವುದಿಲ್ಲ. "ರಾಶಿ ಸಂಖ್ಯೆ 56, ನ್ಯೂಟ್ರಾನ್ 30" ಅಂತ ಇರುತ್ತದೆ. ರಾಶಿ ಸಂಖ್ಯೆ ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿದ ಮೊತ್ತ. 56ರಲ್ಲಿ 30 ಕಳೆದರೆ 26 ಪ್ರೋಟಾನ್. ಕಬ್ಬಿಣ. ಮುಗಿಯಿತು.

ಹಂತ 2: ಚಾರ್ಜ್ ಇಲ್ಲದಿದ್ದರೆ ಲೆಕ್ಕವೇ ಇಲ್ಲ

ಪ್ರೋಟಾನಿಗೆ +1 ಚಾರ್ಜ್, ಎಲೆಕ್ಟ್ರಾನಿಗೆ −1. ನ್ಯೂಟ್ರಾನಿಗೆ ಏನೂ ಇಲ್ಲ. ಸಂಕೇತದ ಬಲಗಡೆ ಮೇಲೆ ಏನೂ ಬರೆದಿಲ್ಲ ಅಂದರೆ ಒಟ್ಟು ಚಾರ್ಜ್ ಸೊನ್ನೆ. ಸೊನ್ನೆ ಬರಬೇಕಾದರೆ ಎಷ್ಟು ಪ್ಲಸ್ ಇದೆಯೋ ಅಷ್ಟೇ ಮೈನಸ್ ಇರಬೇಕು. ಹಾಗಾಗಿ ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಸಂಖ್ಯೆ ಪರಮಾಣು ಸಂಖ್ಯೆಗೆ ಸಮ. ಬೀದರಿನ ಬಿದ್ರಿ ಕಲೆಯ ಹೂಜಿಯನ್ನು ಎರಕ ಹೊಯ್ಯುವುದು ಸತು ಮತ್ತು ತಾಮ್ರದ ಮಿಶ್ರಣದಿಂದ, ಮೇಲಿನ ಕುಸುರಿ ಬೆಳ್ಳಿಯದ್ದು. ಸತುವಿನ ಪರಮಾಣುವಿಗೆ 30 ಎಲೆಕ್ಟ್ರಾನ್, ತಾಮ್ರಕ್ಕೆ 29, ಬೆಳ್ಳಿಗೆ 47.

ಇಲ್ಲಿ ಒಂದು ಬಲೆ ಇದೆ, ಐಸೋಟೋಪ್, ಅಂದರೆ ಒಂದೇ ಧಾತುವಿನ ಆದರೆ ರಾಶಿ ಸಂಖ್ಯೆ ಬೇರೆ ಇರುವ ಪರಮಾಣುಗಳು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕಿರುವುದು ನಿಮಗೆ ಗೊತ್ತಿರಬಹುದು. ನಿಸರ್ಗದಲ್ಲಿ ಸಿಗುವ ಯುರೇನಿಯಂನಲ್ಲಿ ಶೇ 99ಕ್ಕಿಂತ ಜಾಸ್ತಿ ಯುರೇನಿಯಂ-238, ಸುಮಾರು ಶೇ 0.7ರಷ್ಟು ಯುರೇನಿಯಂ-235. ಎರಡರಲ್ಲಿ ಯಾವುದಕ್ಕೆ ಎಲೆಕ್ಟ್ರಾನ್ ಜಾಸ್ತಿ ಅಂತ ಕೇಳಿದರೆ ಮಕ್ಕಳು 238ಕ್ಕೆ ಅನ್ನುತ್ತಾರೆ. ಎರಡರಲ್ಲೂ 92. ವ್ಯತ್ಯಾಸ ಇರುವುದು ನ್ಯೂಟ್ರಾನಿನಲ್ಲಿ ಮಾತ್ರ, ಒಂದರಲ್ಲಿ 146, ಇನ್ನೊಂದರಲ್ಲಿ 143. ಎಲೆಕ್ಟ್ರಾನ್ ಎಣಿಸುವಾಗ ಹೆಸರಿನ ಪಕ್ಕದ ಆ ದೊಡ್ಡ ಅಂಕಿಯ ಮೇಲೆ ಬೆರಳಿಟ್ಟು ಮುಚ್ಚಿಬಿಡಿ.

ಹಂತ 3: ಚಾರ್ಜ್ ಇದ್ದಾಗ (ಇಲ್ಲಿ ನಿಧಾನವಾಗಿ ಓದಿ)

ಎಲ್ಲರೂ ಎಡವುವ ಜಾಗ ಇದೇ. ಎಲೆಕ್ಟ್ರಾನ್ ಅಂದರೆ ಸಾಲ ಅಂದುಕೊಳ್ಳಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದಿರುತ್ತಾರಲ್ಲ, ಅಂಥ ಸಾಲ. ಒಂದು ಪ್ರೋಟಾನ್ ಅಂದರೆ ಕೈಯಲ್ಲಿರುವ ಒಂದು ರೂಪಾಯಿ. ಒಂದು ಎಲೆಕ್ಟ್ರಾನ್ ಅಂದರೆ ಒಂದು ರೂಪಾಯಿ ಉದ್ರಿ.

ಕ್ಯಾಲ್ಸಿಯಂ ಪರಮಾಣುವಿನ ಕೈಯಲ್ಲಿ 20 ರೂಪಾಯಿ, ಉದ್ರಿಯೂ 20 ರೂಪಾಯಿ. ಲೆಕ್ಕ ಸೊನ್ನೆ. ಈಗ ಯಾರೋ ಬಂದು "ನಿನ್ನ ಸಾಲದಲ್ಲಿ ಎರಡು ರೂಪಾಯಿ ನನ್ನ ಹೆಸರಿಗೆ ಬರೆಸು" ಅಂದರು. ಕೈಯಲ್ಲಿ 20 ಹಾಗೇ ಇದೆ. ಉದ್ರಿ 18ಕ್ಕೆ ಇಳಿಯಿತು. ಈಗ ಕ್ಯಾಲ್ಸಿಯಂ ಎರಡು ರೂಪಾಯಿ ಲಾಭದಲ್ಲಿದೆ. ಆ ಲಾಭವೇ 2+. ಕೈಯಲ್ಲಿನ ದುಡ್ಡು ಜಾಸ್ತಿ ಆಗಲಿಲ್ಲ, ಸಾಲ ಕಡಿಮೆ ಆಯಿತು, ಅದಕ್ಕೇ ಪ್ಲಸ್. ಸಾಲ ತನ್ನ ಹೆಸರಿಗೆ ಬರೆಸಿಕೊಂಡವನು ಅಷ್ಟೇ ನಷ್ಟಕ್ಕೆ ಹೋಗುತ್ತಾನೆ, ಅವನ ಪಕ್ಕ ಮೈನಸ್ ಬರುತ್ತದೆ. ಅಡುಗೆ ಉಪ್ಪಿನಲ್ಲಿ ಕ್ಲೋರಿನ್ ಮಾಡುವುದು ಇದನ್ನೇ, ಸೋಡಿಯಂನ ಒಂದು ಎಲೆಕ್ಟ್ರಾನನ್ನು ತನ್ನ ತಲೆಗೆ ಹಾಕಿಕೊಳ್ಳುತ್ತದೆ.

ನನ್ನ ಕ್ಲಾಸಿನಲ್ಲಿ ಇದನ್ನು ಹೇಳಿದ ದಿನದಿಂದ 22 ಬರೆಯುವವರು ಬಹಳ ಕಡಿಮೆ ಆಗಿದ್ದಾರೆ. ರೈತರ ಮನೆಯ ಮಕ್ಕಳಿಗೆ ಸಾಲ ಇಳಿಯುವುದು ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸೂತ್ರ ಬರೆಯಿರಿ:

ಎಲೆಕ್ಟ್ರಾನ್ = ಪರಮಾಣು ಸಂಖ್ಯೆ − ಚಾರ್ಜ್

ಚಾರ್ಜನ್ನು ಅದರ ಚಿಹ್ನೆಯ ಸಮೇತ ಹಾಕಬೇಕು. ಕ್ಯಾಲ್ಸಿಯಂಗೆ 20 − (+2) = 18. ಕ್ಲೋರಿನ್ ಒಂದು ಎಲೆಕ್ಟ್ರಾನ್ ಪಡೆದು ಅಯಾನು ಆದಾಗ ಅದರ ಹೆಸರು ಕ್ಲೋರೈಡ್. ಕ್ಲೋರೈಡ್‌ಗೆ 17 − (−1) = 18. ಮೈನಸ್ ಆಫ್ ಮೈನಸ್ ಪ್ಲಸ್ ಆಗುತ್ತದೆ, ಗಣಿತದಲ್ಲಿ ಕಲಿತದ್ದೇ. ಹೀಗೆ ಮಾಡಿದರೆ ಕೂಡಿಸೋದಾ ಕಳಿಯೋದಾ ಅಂತ ಎರಡು ನಿಯಮ ಬೇಕಾಗಿಲ್ಲ, ಒಂದೇ ಸೂತ್ರ ಎರಡೂ ಕಡೆ ನಡೆಯುತ್ತದೆ.

ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಕಡೆ ಮನೆಮನೆಯಲ್ಲಿ ಓಆರ್‌ಎಸ್ ಪ್ಯಾಕೆಟ್ ಇರುತ್ತದೆ. ಅದನ್ನೇ ಕೈಗೆ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ ಒಂದು ಲೀಟರ್ ನೀರಿಗೆ ಹಾಕುವ ಪುಡಿಯಲ್ಲಿ 2.6 ಗ್ರಾಂ ಸೋಡಿಯಂ ಕ್ಲೋರೈಡ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಜೊತೆಗೆ ಸಿಟ್ರೇಟ್ ಮತ್ತು ಗ್ಲೂಕೋಸ್. ನೀರಿಗೆ ಬಿದ್ದ ಕೂಡಲೇ ಉಪ್ಪುಗಳು ಅಯಾನುಗಳಾಗಿ ಬೇರೆ ಆಗುತ್ತವೆ. ಸೋಡಿಯಂ 1+ ಅಂದರೆ 11 − 1 = 10 ಎಲೆಕ್ಟ್ರಾನ್. ಪೊಟ್ಯಾಸಿಯಂ 1+ ಅಂದರೆ 19 − 1 = 18. ಕ್ಲೋರೈಡ್ 1− ಅಂದರೆ 17 + 1 = 18. ಪೊಟ್ಯಾಸಿಯಂಗೂ ಕ್ಲೋರೈಡ್‌ಗೂ ಒಂದೇ ಲೆಕ್ಕ ಬಂತು ನೋಡಿ. ಎರಡೂ ಆರ್ಗಾನ್ ಅನಿಲದ 18ಕ್ಕೆ ಬಂದು ನಿಂತಿವೆ, ಒಂದು ಮೇಲಿನಿಂದ ಇಳಿದು, ಇನ್ನೊಂದು ಕೆಳಗಿನಿಂದ ಹತ್ತಿ.

ಹಂತ 4: ಚಾರ್ಜ್ ಬರೆದಿಲ್ಲ, ಹೆಸರು ಮಾತ್ರ ಇದೆ

ಪ್ರಶ್ನೆಯಲ್ಲಿ "ಫ್ಲೋರೈಡ್ ಅಯಾನು" ಅಂತ ಇದ್ದು ಚಾರ್ಜ್ ಕೊಡದೇ ಇದ್ದರೆ ಏನು ಮಾಡಬೇಕು? ಮೊದಲು ಹೆಸರಿನ ಬಾಲ ನೋಡಿ. ಫ್ಲೋರಿನ್ ಅಂದರೆ ತಟಸ್ಥ ಪರಮಾಣು, 9 ಎಲೆಕ್ಟ್ರಾನ್. ಫ್ಲೋರೈಡ್ ಅಂದರೆ ಒಂದು ಎಲೆಕ್ಟ್ರಾನ್ ಪಡೆದದ್ದು, 10. ಕೊನೆಗೆ 'ಐಡ್' ಬಂದರೆ ಸಾಮಾನ್ಯವಾಗಿ ಮೈನಸ್ ಅಯಾನು: ಕ್ಲೋರೈಡ್, ಆಕ್ಸೈಡ್, ಸಲ್ಫೈಡ್, ನೈಟ್ರೈಡ್. ನಮ್ಮ ಭಾಗದ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಜಾಸ್ತಿ ಇದೆ ಅಂತ ಹೇಳುವುದು ಈ ಫ್ಲೋರೈಡನ್ನೇ, ಫ್ಲೋರಿನ್ ಅನಿಲವನ್ನಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಒಂದೇ ಒಂದು ಎಲೆಕ್ಟ್ರಾನಿನ ವ್ಯತ್ಯಾಸದಿಂದ ವಿಷಾನಿಲ ಹೋಗಿ ನೀರಲ್ಲಿ ಕರಗಿರುವ ಲವಣದ ಭಾಗ ಆಗುತ್ತದೆ. ಎಣಿಕೆ ಸರಿ ಇರಬೇಕು ಅಂತ ನಾನು ಇಷ್ಟು ಹಠ ಹಿಡಿಯುವುದು ಇದಕ್ಕೇ.

ಆಮೇಲೆ ಗುಂಪು, ಅಂದರೆ ಆವರ್ತ ಕೋಷ್ಟಕದಲ್ಲಿ ಮೇಲಿಂದ ಕೆಳಗೆ ಬರುವ ಸಾಲು, ನೋಡಿ. ಒಂದನೇ ಗುಂಪಿನ ಲೋಹಗಳು 1+, ಎರಡನೇ ಗುಂಪು 2+, ಅಲ್ಯೂಮಿನಿಯಂ 3+. ಆ ಕಡೆಯಿಂದ 17ನೇ ಗುಂಪು 1−, 16ನೇ ಗುಂಪು 2−, ನೈಟ್ರೋಜನ್ 3−. 18ನೇ ಗುಂಪಿನವು ಸಾಮಾನ್ಯವಾಗಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ನಡುವಿನ ಲೋಹಗಳಿಗೆ ಈ ಉಪಾಯ ನಡೆಯುವುದಿಲ್ಲ. ಕಬ್ಬಿಣ 2+ ಕೂಡ ಆಗುತ್ತದೆ, 3+ ಕೂಡ ಆಗುತ್ತದೆ. ಫೆರಸ್ ಅಂದರೆ 2+, ಅಂದರೆ 24 ಎಲೆಕ್ಟ್ರಾನ್. ಫೆರಿಕ್ ಅಂದರೆ 3+, ಅಂದರೆ 23. ಹೊಸ ಪದ್ಧತಿಯಲ್ಲಿ ಹೆಸರಿನ ಪಕ್ಕ ರೋಮನ್ ಅಂಕಿ ಹಾಕಿರುತ್ತಾರೆ, ಅದು ಇದ್ದರೆ ಅದೇ ಚಾರ್ಜ್.

ಯಾವ ಸುಳಿವೂ ಇಲ್ಲದಿದ್ದರೆ ಸಂಯುಕ್ತದ ಸೂತ್ರದಿಂದ ಹೊರಡಿ. ಬೀದರಿಗೆ ಹೋದವರು ಅಲ್ಲಿಯ ಕೆಂಪು ಮಣ್ಣು, ಕೆಂಪು ಕಲ್ಲು ನೋಡಿರುತ್ತೀರಿ. ಅದು ಲ್ಯಾಟರೈಟ್, ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದ್ದು. ಎರಡು ಕಬ್ಬಿಣಕ್ಕೆ ಮೂರು ಆಕ್ಸಿಜನ್ ಇರುವ ಆಕ್ಸೈಡನ್ನು ತೆಗೆದುಕೊಳ್ಳೋಣ. ಆಕ್ಸಿಜನ್ ಇಲ್ಲಿ 2−. ಮೂರು ಸೇರಿ 6−. ಇಡೀ ಸಂಯುಕ್ತ ಸೊನ್ನೆ ಆಗಬೇಕು, ಹಾಗಾದರೆ ಎರಡು ಕಬ್ಬಿಣ ಸೇರಿ 6+, ಒಂದೊಂದು 3+. ಕಬ್ಬಿಣ 26 − 3 = 23 ಎಲೆಕ್ಟ್ರಾನ್. ಬೀದರಿನ ಮಣ್ಣು ಕೈಯಲ್ಲಿ ಹಿಡಿದು ಲೆಕ್ಕ ಮಾಡಬಹುದು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಹಂತ 5: ಗುಂಪಾಗಿ ಇರುವ ಅಯಾನುಗಳು

ಕಾರ್ಬೋನೇಟ್, ಸಲ್ಫೇಟ್, ಅಮೋನಿಯಂ, ಇಂಥವುಗಳಲ್ಲಿ ಹಲವು ಪರಮಾಣುಗಳು ಕೂಡಿ ಇರುತ್ತವೆ. ಒಂದೊಂದರ ಪರಮಾಣು ಸಂಖ್ಯೆ ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಚಾರ್ಜ್ ಕಳೆಯಿರಿ. ಚಾರ್ಜ್ ಇಡೀ ಗುಂಪಿನದ್ದು, ಯಾವ ಒಂದು ಪರಮಾಣುವಿನದ್ದೂ ಅಲ್ಲ. ಒಟ್ಟು ಕುಟುಂಬದ ಸಾಲ ಇದ್ದ ಹಾಗೆ. ಸಲ್ಫೇಟಿನ 2− ನೋಡಿ ನಾಲ್ಕು ಆಕ್ಸಿಜನ್‌ಗೂ ಎರಡೆರಡು ಕೂಡಿಸುವವರು ಇದ್ದಾರೆ. ಹಾಗೆ ಮಾಡಬೇಡಿ.

ಕಾರ್ಬೋನೇಟ್ 2−: ಕಾರ್ಬನ್ 6, ಆಕ್ಸಿಜನ್ ಮೂರು ಎಂಟಲೆ 24, ಮೇಲೆ 2. ಒಟ್ಟು 32.
ಬೈಕಾರ್ಬೋನೇಟ್ 1−: ಹೈಡ್ರೋಜನ್ 1, ಕಾರ್ಬನ್ 6, ಆಕ್ಸಿಜನ್ 24, ಮೇಲೆ 1. ಇದೂ 32.
ಸಲ್ಫೇಟ್ 2−: ಗಂಧಕ 16, ಆಕ್ಸಿಜನ್ ನಾಲ್ಕು ಎಂಟಲೆ 32, ಮೇಲೆ 2. ಒಟ್ಟು 50.
ಅಮೋನಿಯಂ 1+: ನೈಟ್ರೋಜನ್ 7, ಹೈಡ್ರೋಜನ್ 4, ಅದರಲ್ಲಿ 1 ಕಡಿಮೆ. ಒಟ್ಟು 10.

ಈ ಕ್ಯಾಲ್ಸಿಯಂ, ಬೈಕಾರ್ಬೋನೇಟ್ ನಮ್ಮ ಮನೆಗಳಲ್ಲೇ ಇವೆ. ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಲ್ಲು, ಎಲ್ಲ ಸುಣ್ಣದ ಕಲ್ಲು, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಅಂಥ ಕಲ್ಲಿನ ಸಂದಿಯಿಂದ ಬಂದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಅಯಾನು, ಬೈಕಾರ್ಬೋನೇಟ್ ಅಯಾನು ಕರಗಿರುತ್ತವೆ. ನಮ್ಮ ಮನೆಯ ನೀರು ಕಾಯಿಸುವ ಕಾಯಿಲನ್ನು ಎರಡು ತಿಂಗಳು ಹಾಗೇ ಬಿಟ್ಟರೆ ಅದರ ಮೇಲೆ ಬೆರಳಿನ ಉಗುರಿನಷ್ಟು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ. ಒಂದು ಸಲ ಅದನ್ನು ಕಿತ್ತು ಕ್ಲಾಸಿಗೆ ತಂದು ಮಕ್ಕಳ ಕೈಗೆ ಕೊಟ್ಟಿದ್ದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ. ಕಾಯಿಸಿದಾಗ ಆಗುವುದು ಇಷ್ಟು: ಒಂದು ಕ್ಯಾಲ್ಸಿಯಂ ಅಯಾನು ಮತ್ತು ಎರಡು ಬೈಕಾರ್ಬೋನೇಟ್ ಸೇರಿ, ಒಂದು ಕ್ಯಾಲ್ಸಿಯಂ ಕಾರ್ಬೋನೇಟ್ ಹಕ್ಕಳೆಯಾಗಿ ಕೂರುತ್ತದೆ, ಜೊತೆಗೆ ಒಂದು ಕಾರ್ಬನ್ ಡೈಆಕ್ಸೈಡ್, ಒಂದು ನೀರು ಹೊರಬರುತ್ತವೆ.

ಎಲೆಕ್ಟ್ರಾನ್ ಎಣಿಸೋಣ. ಮೊದಲು 18 + 32 + 32 = 82. ಆಮೇಲೆ ಕ್ಯಾಲ್ಸಿಯಂ ಕಾರ್ಬೋನೇಟ್ 20 + 6 + 24 = 50, ಕಾರ್ಬನ್ ಡೈಆಕ್ಸೈಡ್ 6 + 16 = 22, ನೀರು 2 + 8 = 10. ಕೂಡಿಸಿದರೆ 82. ಒಂದು ಎಲೆಕ್ಟ್ರಾನೂ ಕಳೆದುಹೋಗಿಲ್ಲ. ಸಮೀಕರಣ ಬರೆದಾಗ ಎರಡೂ ಕಡೆ ಹೀಗೆ ಎಣಿಸಿ ತಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎಲ್ಲಾದರೂ ಚಾರ್ಜ್ ತಪ್ಪಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಎಲೆಕ್ಟ್ರಾನ್ ಕೈಬದಲಾಗುವುದನ್ನು ಕಣ್ಣಾರೆ ನೋಡಬೇಕಾ?

ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಾನು ಹೋದಾಗ ಕುಶಲಕರ್ಮಿ ಎರಕದ ಹೂಜಿಯನ್ನು ಅರದಿಂದ ಉಜ್ಜಿ ನಯ ಮಾಡಿದ್ದರು. ಬೂದು ಬಿಳುಪಿನ ಹೊಳಪು. ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ನೀಲಿ ನೀರು, ಮೈಲುತುತ್ತದ ದ್ರಾವಣ. ಅದರಲ್ಲಿ ಬಟ್ಟೆ ಅದ್ದಿ ಹೂಜಿಯ ಮೇಲೆ ಎಳೆದರು. ಬಟ್ಟೆ ಹೋದ ಹಾದಿಯಲ್ಲೇ ಲೋಹ ಕಪ್ಪಾಗುತ್ತಾ ಬಂತು. ಆ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಬಳ್ಳಿ ಬಿಡಿಸಿದರು, ಗೀರಿದಲ್ಲೆಲ್ಲ ಒಳಗಿನ ಬಿಳುಪು ಗೆರೆಯಾಗಿ ಕಂಡಿತು. ಈ ಕಪ್ಪು ಚಿತ್ರ ಬಿಡಿಸಲಿಕ್ಕೆ ಮಾತ್ರ, ಆಮೇಲೆ ಉಜ್ಜಿ ತೆಗೆಯುತ್ತಾರೆ. ಕೊನೆಯ ಶಾಶ್ವತ ಕಪ್ಪು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ (ಅಮೋನಿಯಂ ಕ್ಲೋರೈಡ್) ಬರುತ್ತದೆ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ನೀರಿನಲ್ಲಿ ತಾಮ್ರ 2+ ಇರುತ್ತದೆ, 29 − 2 = 27 ಎಲೆಕ್ಟ್ರಾನ್. ಹೂಜಿಯ ಸತು ತಟಸ್ಥ, 30 ಎಲೆಕ್ಟ್ರಾನ್. ಸತುವಿಗೆ ಎಲೆಕ್ಟ್ರಾನ್ ಬಿಟ್ಟುಕೊಡುವ ಗುಣ ತಾಮ್ರಕ್ಕಿಂತ ಜಾಸ್ತಿ. ಹಾಗಾಗಿ ಸತು ಎರಡು ಎಲೆಕ್ಟ್ರಾನ್ ಕೊಟ್ಟು 28ಕ್ಕೆ ಇಳಿದು, ಸತು 2+ ಆಗಿ ನೀರಿಗೆ ಹೋಗುತ್ತದೆ. ತಾಮ್ರ ಆ ಎರಡನ್ನು ಪಡೆದು 29ಕ್ಕೆ ಏರಿ, ತಟಸ್ಥ ತಾಮ್ರದ ನುಣ್ಣನೆ ಪುಡಿಯಾಗಿ ಹೂಜಿಯ ಮೇಲೆ ಕೂರುತ್ತದೆ. ಅಷ್ಟು ನುಣುಪಾದ ಪುಡಿ ಕಪ್ಪಾಗಿ ಕಾಣುತ್ತದೆ. ಮೊದಲು 30 + 27 = 57. ಆಮೇಲೆ 28 + 29 = 57. ಎರಡು ಎಲೆಕ್ಟ್ರಾನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದವು, ಅದರ ಗುರುತು ಆ ಕಪ್ಪು.

ಇದನ್ನು ಮನೆಯಲ್ಲೂ ನೋಡಬಹುದು. ಕೃಷಿ ಅಂಗಡಿಯಲ್ಲಿ ಸಿಗುವ ಮೈಲುತುತ್ತ ಚಿಟಿಕೆಯಷ್ಟು ನೀರಿಗೆ ಹಾಕಿ, ಉಜ್ಜಿ ತುಕ್ಕು ತೆಗೆದ ಕಬ್ಬಿಣದ ಮೊಳೆ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಕೆಂಪು ತಾಮ್ರ ಹತ್ತುತ್ತದೆ. ಇದು ವಿಷ, ಮಕ್ಕಳ ಜೊತೆ ದೊಡ್ಡವರು ಇರಲಿ, ಅಡುಗೆ ಪಾತ್ರೆ ಬಳಸಬೇಡಿ.

ಹಂತ 6: ಯಾವ ಕವಚದಿಂದ ಹೋಗುತ್ತವೆ?

ಸಂಖ್ಯೆ ಬಂದ ಮೇಲೆ ಪಿಯುಸಿಯಲ್ಲಿ ಎಲೆಕ್ಟ್ರಾನ್ ವಿನ್ಯಾಸ ಕೇಳುತ್ತಾರೆ. ವಿನ್ಯಾಸ ಅಂದರೆ ನ್ಯೂಕ್ಲಿಯಸ್ಸಿನ ಸುತ್ತ ಇರುವ ಪದರಗಳಲ್ಲಿ, ಅಂದರೆ ಕವಚಗಳಲ್ಲಿ, ಒಳಗಿನಿಂದ ಹೊರಗೆ ಎಷ್ಟೆಷ್ಟು ಎಲೆಕ್ಟ್ರಾನ್ ಇವೆ ಅನ್ನುವ ಲೆಕ್ಕ. ಎಲೆಕ್ಟ್ರಾನ್ ಮೊದಲು ಹೋಗುವುದು ಹೊರಗಿನ ಕವಚದಿಂದ. ಕ್ಯಾಲ್ಸಿಯಂ 2, 8, 8, 2 ಇದ್ದದ್ದು ಅಯಾನು ಆದಾಗ 2, 8, 8. ಕಬ್ಬಿಣದಲ್ಲಿ ಎಡವುವವರು ಜಾಸ್ತಿ. ಅದರ ವಿನ್ಯಾಸ 2, 8, 14, 2. ತುಂಬುವಾಗ ಒಳಗಿನ 14ರ ಕೊನೆಯ ಭಾಗ ಕೊನೆಗೆ ತುಂಬಿತು ಅಂತ ಮಕ್ಕಳು ಅಲ್ಲಿಂದಲೇ ತೆಗೆಯುತ್ತಾರೆ. ಬೇಡ. ಹೊರಗಿನ 2 ಮೊದಲು ಹೋಗುತ್ತವೆ, ಫೆರಸ್ 2, 8, 14. ಮೂರನೆಯದು ಮಾತ್ರ ಒಳಗಿನದ್ದು, ಫೆರಿಕ್ 2, 8, 13.

ಚಾರ್ಜನ್ನು ಕೂಲಂಬ್‌ನಲ್ಲಿ ಕೊಟ್ಟರೆ

ಅಪರೂಪಕ್ಕೆ "12 ಪ್ರೋಟಾನ್ ಇರುವ ಅಯಾನಿನ ಚಾರ್ಜ್ +3.2 × 10⁻¹⁹ ಕೂಲಂಬ್" ಅಂತ ಬರುತ್ತದೆ. ಒಂದು ಎಲೆಕ್ಟ್ರಾನಿನ ಚಾರ್ಜಿನ ಅಳತೆ 1.6 × 10⁻¹⁹ ಕೂಲಂಬ್. ಭಾಗಿಸಿದರೆ 2. ಅಂದರೆ 2+, ಮೆಗ್ನೀಸಿಯಂ, 10 ಎಲೆಕ್ಟ್ರಾನ್.

ಉತ್ತರ ಬರೆಯುವ ಮುಂಚೆ ನೋಡಿಕೊಳ್ಳಿ

ಪ್ಲಸ್ ಅಯಾನಿನಲ್ಲಿ ಎಲೆಕ್ಟ್ರಾನ್ ಪ್ರೋಟಾನಿಗಿಂತ ಕಡಿಮೆ ಇದೆಯಾ? ಮೈನಸ್ ಅಯಾನಿನಲ್ಲಿ ಜಾಸ್ತಿ ಇದೆಯಾ? ನಡುವಿನ ಲೋಹ ಅಲ್ಲದ, ಹಂತ 4ರಲ್ಲಿ ಗುಂಪಿನಿಂದ ಚಾರ್ಜ್ ಹಿಡಿದ ಧಾತು ಆಗಿದ್ದರೆ ಉತ್ತರ 2, 10, 18, 36 ಇಂಥ ಜಡಾನಿಲದ (18ನೇ ಗುಂಪಿನ ಅನಿಲದ) ಸಂಖ್ಯೆಗೆ ಹೊಂದುತ್ತದೆಯಾ? ನೈಟ್ರೈಡ್, ಆಕ್ಸೈಡ್, ಫ್ಲೋರೈಡ್, ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಈ ಆರೂ ಅಯಾನುಗಳು ನಿಯಾನ್‌ನ 10ಕ್ಕೇ ಬರುತ್ತವೆ. ಲೆಕ್ಕ ಒಂದೇ ಆದರೂ ಗಾತ್ರ ಒಂದೇ ಅಲ್ಲ. ಅಲ್ಯೂಮಿನಿಯಂನ 13 ಪ್ರೋಟಾನ್ ಆ ಹತ್ತನ್ನು ಗಟ್ಟಿಯಾಗಿ ಒಳಗೆ ಎಳೆದುಕೊಳ್ಳುತ್ತವೆ, ನೈಟ್ರೈಡಿನ 7ಕ್ಕೆ ಅಷ್ಟು ಬಲ ಇಲ್ಲ, ಅದಕ್ಕೆ ಅದು ಎಲ್ಲಕ್ಕಿಂತ ದೊಡ್ಡದು.

ಹೈಡ್ರೋಜನ್ 1+ ಬಂದಾಗ ಉತ್ತರ ಸೊನ್ನೆ. ಹೆದರಬೇಡಿ, ಅದು ಸರಿ. ಒಂದೇ ಎಲೆಕ್ಟ್ರಾನ್ ಇತ್ತು, ಅದೂ ಹೋಯಿತು, ಉಳಿದದ್ದು ಬರೀ ಪ್ರೋಟಾನ್. ಆದರೆ ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ.

ಈಗ ನೀವು ಮಾಡಿ

ಉತ್ತರ ಕೆಳಗೇ ಇದೆ, ಅದನ್ನು ಕೈಯಿಂದ ಮುಚ್ಚಿಕೊಂಡು ಮಾಡಿ. ಬೆಳ್ಳಿ 1+. ಸಲ್ಫೈಡ್. ಫಾಸ್ಫೇಟ್ 3−, ಅದರಲ್ಲಿ ಒಂದು ರಂಜಕ, ನಾಲ್ಕು ಆಕ್ಸಿಜನ್. ಪರ್ಮ್ಯಾಂಗನೇಟ್ 1−, ಒಂದು ಮ್ಯಾಂಗನೀಸ್, ನಾಲ್ಕು ಆಕ್ಸಿಜನ್. ಒಂದು ಅಯಾನಿನಲ್ಲಿ 10 ಎಲೆಕ್ಟ್ರಾನ್, ಚಾರ್ಜ್ 3+ ಅಂದರೆ ಅದು ಯಾವ ಧಾತು? ಕೊನೆಗೆ, ಯುರೇನಿಯಂ ನೀರಿನಲ್ಲಿ ಕರಗಿದಾಗ ಸಾಮಾನ್ಯವಾಗಿ ಆಗುವ ಯುರೇನೈಲ್ 2+, ಅದರಲ್ಲಿ ಒಂದು ಯುರೇನಿಯಂ, ಎರಡು ಆಕ್ಸಿಜನ್.

ಬೆಳ್ಳಿ 46. ಸಲ್ಫೈಡ್ 2− ಆದ್ದರಿಂದ 18. ಫಾಸ್ಫೇಟ್ 15 + 32 + 3 = 50. ಪರ್ಮ್ಯಾಂಗನೇಟ್ 25 + 32 + 1 = 58. ಐದನೆಯದರಲ್ಲಿ ಸೂತ್ರ ತಿರುಗಿಸಿ, ಎಲೆಕ್ಟ್ರಾನಿಗೆ ಚಾರ್ಜ್ ಕೂಡಿಸಿದರೆ 13 ಪ್ರೋಟಾನ್, ಅಲ್ಯೂಮಿನಿಯಂ. ಯುರೇನೈಲ್ 92 + 16 − 2 = 106. 108 ಬಂದಿದ್ದರೆ ಚಾರ್ಜ್ ಮರೆತಿದ್ದೀರಿ. 110 ಬಂದಿದ್ದರೆ ಮೂರನೇ ಹಂತಕ್ಕೆ ಹೋಗಿ ಉದ್ರಿ ಲೆಕ್ಕವನ್ನು ಇನ್ನೊಮ್ಮೆ ಓದಿ.